ಬ್ರಿಟಿಷ್ ಸೈನಿಕ ಮುತ್ತಜ್ಜನ ಸೇವಾ ದಾಖಲೆ ಸಿಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ಈಗ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇನೆ. ನಮ್ಮ ಯಜಮಾನರು ಇಲ್ಲಿಯವರೇ. ಅವರ ಮುತ್ತಜ್ಜ ಮೊದಲ ಮಹಾಯುದ್ಧದಲ್ಲಿ ಸಿಪಾಯಿ ಆಗಿದ್ದರಂತೆ. ನಮ್ಮತ್ತೆಗೆ 80 ದಾಟಿದೆ, ತಾತ ಎಲ್ಲೆಲ್ಲಿ ಇದ್ದರು ಅಂತ ತಿಳಿಯುವ ಆಸೆ ಅವರಿಗೆ. ಹೆಸರು ಹಾಕಿ ಹುಡುಕಿದರೆ ಅದೇ ಹೆಸರಿನವರು ನೂರಾರು ಜನ ಬರುತ್ತಾರೆ, ಸೇವಾ ದಾಖಲೆ ಮಾತ್ರ ಒಂದೂ ಹೊಂದುತ್ತಿಲ್ಲ. ಮನೆಯಲ್ಲಿ ಎರಡು ಪದಕ ಇವೆ, ಒಂದು ಬೆಳ್ಳಿ, ಒಂದು ಕಂಚು. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ:
ತಪ್ಪು ನಿಮ್ಮದಲ್ಲ ಮೇಡಂ. 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಆರ್ನ್‌ಸೈಡ್ ಬೀದಿಯ ಉಗ್ರಾಣಕ್ಕೆ ಬಾಂಬ್ ಬಿದ್ದು, ಅಲ್ಲಿದ್ದ ಮೊದಲ ಮಹಾಯುದ್ಧದ ಸಾಮಾನ್ಯ ಸೈನಿಕರ ಕಡತಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸುಟ್ಟುಹೋದವು. ಸುಮ್ನೆ ಹೆಸರು ಹಾಕಿ ಹುಡುಕುವುದು ಬಿಡಿ, ಮೊದಲು ಅವರ ಸೈನ್ಯದ ನಂಬರ್ ಬೇಕು. ಅದು ನಿಮ್ಮ ಮನೆಯಲ್ಲೇ ಇದೆ. ಪದಕವನ್ನು ನಾಣ್ಯದ ಹಾಗೆ ಅಂಚಿನಿಂದ ಹಿಡಿದು, ಟಾರ್ಚ್ ಅಡ್ಡಲಾಗಿ ಬಿಟ್ಟು ನೋಡಿ, ಸುತ್ತ ಅಕ್ಷರ ಒತ್ತಿರುತ್ತಾರೆ. ದಯವಿಟ್ಟು ದೀಪ ಬೆಳಗುವ ಹಾಗೆ ವಿಭೂತಿ ಹಚ್ಚಿ ತಿಕ್ಕಬೇಡಿ, ಅಕ್ಷರ ಸವೆದುಹೋಗುತ್ತವೆ!

ಇನ್ನೊಂದು. 1915ರ ಕೊನೆಯೊಳಗೆ ರಣರಂಗಕ್ಕೆ ಹೋದವರಿಗೆ ನಕ್ಷತ್ರದ ಆಕಾರದ ಪದಕವೂ ಸಿಗುತ್ತಿತ್ತು. ಅದು ಕಳೆದುಹೋಗಿಲ್ಲ ತಾನೇ? ಇಲ್ಲ ಅಂದರೆ ಅವರು ಹೋಗಿದ್ದು 1916ರಲ್ಲೋ ಆಮೇಲೋ.

ಪ್ರಶ್ನೆ ಕೇಳಿದವರು:
ಕಂಡಿತು! ಇಷ್ಟು ದಿನ ಕೈಯಲ್ಲೇ ಇಟ್ಟುಕೊಂಡು ನೋಡಿರಲಿಲ್ಲ. 24ರಿಂದ ಶುರುವಾಗುವ ಆರಂಕಿ ನಂಬರ್, ಪಿಟಿಇ, ಹೆಸರು, ಆಮೇಲೆ ಆರ್. ವಾರ್. ಆರ್. ನಕ್ಷತ್ರ ಯಾವತ್ತೂ ಇರಲಿಲ್ಲವಂತೆ.

ಉತ್ತರ:
ಪಿಟಿಇ ಅಂದರೆ ಪ್ರೈವೇಟ್, ಅಂದರೆ ಸಾಮಾನ್ಯ ಸಿಪಾಯಿ. ಕೊನೆಯದು ರಾಯಲ್ ವಾರ್ವಿಕ್‌ಶೈರ್ ರೆಜಿಮೆಂಟ್. ನಿಮ್ಮ ಬರ್ಮಿಂಗ್‌ಹ್ಯಾಮ್ ಕಡೆಯದೇ ಅಲ್ವಾ. 1917ರಲ್ಲಿ ಟೆರಿಟೋರಿಯಲ್ ಪಡೆಯವರಿಗೆಲ್ಲ (ಮೂಲತಃ ಅರೆಕಾಲಿಕ ಸ್ವಯಂಸೇವಕರ ಪಡೆ) ಹೊಸದಾಗಿ ಆರಂಕಿ ನಂಬರ್ ಕೊಟ್ಟರು, ಒಂದೊಂದು ಬೆಟಾಲಿಯನ್‌ಗೆ ಒಂದೊಂದು ಸಾಲು. 24 ಅಂದರೆ 6ನೇ ಬೆಟಾಲಿಯನ್ ಇರಬೇಕು. ಆದರೆ ಇಲ್ಲೇ ಎಷ್ಟೋ ಜನ ಎಡವುತ್ತಾರೆ: 6ನೆಯದರಲ್ಲಿ 1/6 (ಮೊದಲನೇ ತಂಡ), 2/6 (ಎರಡನೇ ತಂಡ) ಅಂತ ಬೇರೆ ಬೇರೆ ಇದ್ದವು, 1/6 ಇದ್ದ 48ನೇ ಡಿವಿಷನ್ 1917ರ ಕೊನೆಗೆ ಇಟಲಿಗೆ ಹೋಯಿತು, 2/6 ಫ್ರಾನ್ಸಿನಲ್ಲೇ ಉಳಿಯಿತು. ಅಂದಾಜಿನ ಮೇಲೆ ಹೋದರೆ ಇನ್ಯಾರದೋ ಯುದ್ಧವನ್ನು ನಿಮ್ಮ ಮನೆಯದು ಅಂದುಕೊಳ್ಳುತ್ತೀರಿ. ಸರ್ಕಾರಿ ದಾಖಲೆ ಇಡುವ ನ್ಯಾಷನಲ್ ಆರ್ಕೈವ್ಸ್‌ನ ಡಬ್ಲ್ಯೂಒ 329 (ಡಬ್ಲ್ಯೂಒ ಅಂದರೆ ವಾರ್ ಆಫೀಸ್, ಆಗಿನ ಯುದ್ಧ ಇಲಾಖೆ) ಪದಕ ಪಟ್ಟಿಯಲ್ಲಿ ಈ ನಂಬರ್ ಹುಡುಕಿ. ಅವರ ಹಳೇ ಮನೆಯ ಬೀದಿ ಗೊತ್ತಿದ್ದರೆ 1918ರ ಗೈರುಹಾಜರಿ ಮತದಾರರ (ಸೇವೆಗಾಗಿ ಊರು ಬಿಟ್ಟು ಹೋಗಿದ್ದವರ) ಪಟ್ಟಿಯನ್ನೂ ನೋಡಿ, ವಿಳಾಸದ ಪಕ್ಕದಲ್ಲೇ ನಂಬರ್, ಪಡೆ ಬರೆದಿರುತ್ತಾರೆ. ಅದಾದ ಮೇಲೆ ಡಬ್ಲ್ಯೂಒ 95, ಬೆಟಾಲಿಯನ್ನಿನ ದಿನಚರಿ. ಪ್ರೈವೇಟ್‌ಗಳ ಹೆಸರು ಅದರಲ್ಲಿ ಅಪರೂಪ. ಆದರೆ ಪಡೆ ಯಾವ ದಿನ ಎಲ್ಲಿತ್ತು ಅನ್ನುವುದು ಇರುತ್ತದೆ.

ಪ್ರಶ್ನೆ ಕೇಳಿದವರು:
ಎರಡು ಪಟ್ಟಿಯಲ್ಲೂ 1/6 ಅಂತಲೇ ಇದೆ. ಅತ್ತೆಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಾತ ಇಟಲಿಯ ಬೆಟ್ಟದ ಚಳಿ ಅನ್ನುತ್ತಿದ್ದರು, ನಾವೆಲ್ಲ ಫ್ರಾನ್ಸನ್ನೇ ಹಾಗೆ ಹೇಳುತ್ತಿದ್ದಾರೆ ಅಂದುಕೊಂಡಿದ್ದೆವು ಅಂದರು. ದಿನಚರಿ ನೋಡಲು ಮುಂದಿನ ವಾರ ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ಗೆ ಹೋಗುತ್ತಿದ್ದೇವೆ. ಅತ್ತೆಯೂ ಬರುತ್ತಾರೆ. ತುಂಬಾ ಥ್ಯಾಂಕ್ಸ್ ಸರ್.