ಗಡಿಯಾರದೊಳಗಿನ ಉಯಿಲು

ಮಗಳು ಓದಿ ಮುಗಿಸಿದ, ನ್ಯಾನ್ಸಿ ಡ್ರೂ ಎಂಬ ಅಮೆರಿಕದ ಹುಡುಗಿಯ ಪತ್ತೇದಾರಿ ಪುಸ್ತಕವನ್ನು ನಾನು ಕಾಫಿ ಹೋಟೆಲಿಗೆ ಒಯ್ದದ್ದೇ ತಪ್ಪಾಯಿತು. ಹಾಸನದಲ್ಲಿ ನಮ್ಮದು ನಾಲ್ವರ ಸಂಜೆಕೂಟ. ಬಿಲ್ಲು ಕೊಡುವವರು ಯಾರೆಂಬುದೇ ಅಲ್ಲಿನ ನಿತ್ಯದ ಪತ್ತೇದಾರಿ.

"ಐವತ್ತು ದಾಟಿದ ಮೇಲೆ ಮಕ್ಕಳ ಪುಸ್ತಕವೇನಯ್ಯಾ?" ಎಂದು ಪುಟ್ಟಸ್ವಾಮಿ ನಕ್ಕ. ಬ್ಯಾಂಕಿನಲ್ಲಿ ಮೂವತ್ತು ವರ್ಷ ನೋಟು ಎಣಿಸಿದವನು. ಪುಟ ತಿರುವಲೂ ಮೇಜಿನ ಮೇಲೆ ಚೆಲ್ಲಿದ ನೀರಿಗೆ ಬೆರಳು ಅದ್ದುತ್ತಾನೆ.

"ಇದು ಉಯಿಲಿನ ತಕರಾರು," ಎಂದೆ.

ಮೂವರೂ ಕುರ್ಚಿ ಎಳೆದುಕೊಂಡರು. ನಮ್ಮೂರಿನಲ್ಲಿ ಕೊಲೆಯ ಕಥೆಗೆ ಆಕಳಿಸುವವರು ಉಂಟು, ಆಸ್ತಿಯ ಕಥೆಗೆ ಇಲ್ಲ.

ಮುದುಕನೊಬ್ಬ ಬಡ ನೆಂಟರಿಗೆ ಏನಾದರೂ ಬಿಟ್ಟುಹೋಗುತ್ತೇನೆಂದು ಮಾತು ಕೊಟ್ಟು ಸತ್ತಿದ್ದಾನೆ. ಇರುವ ಉಯಿಲಿನಲ್ಲಿ ಮಾತ್ರ ಎಲ್ಲವೂ ಒಂದು ಜಂಬದ ಕುಟುಂಬದ ಪಾಲು. ಇನ್ನೊಂದು ಉಯಿಲು ಇದ್ದೇ ಇದೆ ಎಂದು ವಕೀಲರ ಮಗಳು ನ್ಯಾನ್ಸಿ ಕಾರು ಹತ್ತಿ ಹೊರಡುತ್ತಾಳೆ.

"ವಯಸ್ಸೆಷ್ಟು?" ಎಂದ ಶಿವಣ್ಣ.

"ಮೊದಲು 16. 1959ರಿಂದ ತಿದ್ದಿ ಅಚ್ಚು ಹಾಕಿದವುಗಳಲ್ಲಿ 18."

"ನನ್ನ ಮಗನಿಗೆ ಇಪ್ಪತ್ತೆರಡು. ಸಾಲಗಾಮೆ ರಸ್ತೆಯವರೆಗೆ ಸ್ಕೂಟರ್ ಒಯ್ದರೂ ಅವನಮ್ಮ ಮೂರು ಸಲ ಫೋನ್ ಮಾಡುತ್ತಾಳೆ."

ಪುಟ್ಟಸ್ವಾಮಿ ಅಷ್ಟರಲ್ಲಿ ಮುಖಪುಟ ಓದಿದ. "ಹಳೆಯ ಗಡಿಯಾರದ ರಹಸ್ಯ ಎಂದು ಇಲ್ಲೇ ಬರೆದಿದೆಯಲ್ಲ! ಉಯಿಲು ಗಡಿಯಾರದಲ್ಲಿದೆ. ಏಳಿ, ಮನೆಗೆ ಹೋಗೋಣ."

"ಗಡಿಯಾರದಲ್ಲಿ ಇರುವುದು ಒಂದು ಪುಟ್ಟ ನೋಟ್‌ಬುಕ್. ಉಯಿಲು ಬ್ಯಾಂಕ್ ಲಾಕರಿನಲ್ಲಿದೆ ಎಂದು ಅದರಲ್ಲಿ ಬರೆದಿದೆ."

ಪುಟ್ಟಸ್ವಾಮಿಯ ಮುಖ ಕೆಂಪಾಯಿತು. "ಲಾಕರ್ ತೆಗೆದುಬಿಟ್ಟರೇ? ಮರಣ ಪ್ರಮಾಣಪತ್ರ ಎಲ್ಲಿ? ವಾರಸುದಾರರ ಸಹಿ ಎಲ್ಲಿ? ನಾನು ಅಲ್ಲಿದ್ದಿದ್ದರೆ, ನಾಳೆ ಬಾಮ್ಮಾ ಎನ್ನುತ್ತಿದ್ದೆ." ಅವನು ಅಲ್ಲಿರದಿದ್ದುದರಿಂದಲೇ ಕಥೆ ಇಪ್ಪತ್ತು ಅಧ್ಯಾಯಕ್ಕೆ ಮುಗಿದದ್ದು.

ಶಿವಣ್ಣನ ಚಿಂತೆ ಬೇರೆ. "ಇಬ್ಬರು ಸಾಕ್ಷಿಗಳ ಸಹಿ ಇತ್ತೇ? 1925ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಇಬ್ಬರಾದರೂ ಬೇಕು. ನಮ್ಮ ದೊಡ್ಡಪ್ಪನ ಉಯಿಲು ಬಿದ್ದದ್ದೇ ಅಲ್ಲಿ." ಅಮೆರಿಕದ ಮುದುಕನಿಗೆ ನಮ್ಮ ಕಾಯ್ದೆ ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಶಿವಣ್ಣನ ಪಾಲಿನ ದಾವೆಗೆ ಈಗ ಹತ್ತೊಂಬತ್ತು ವರ್ಷ. "ಹಾಸನಾಂಬೆ ಗುಡಿಯ ಸೊಸೆ ಕಲ್ಲು ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟಾದರೂ ಸರಿಯುತ್ತದಂತೆ," ಎಂದು ನಿಟ್ಟುಸಿರು ಬಿಟ್ಟ.

ಇಷ್ಟು ಹೊತ್ತು ಸುಮ್ಮನಿದ್ದ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಮುಖಪುಟದಲ್ಲಿರುವ ಕ್ಯಾರೊಲಿನ್ ಕೀನ್ ಎಂಬ ಲೇಖಕಿ ಹುಟ್ಟಿಯೇ ಇಲ್ಲ. 1930ರಲ್ಲಿ ಇದನ್ನು ಬರೆದವರು ಮಿಲ್‌ಡ್ರೆಡ್ ಬೆನ್ಸನ್. 125 ಡಾಲರ್ ತೆಗೆದುಕೊಂಡು ಹಕ್ಕನ್ನೆಲ್ಲ ಬರೆದುಕೊಟ್ಟಿದ್ದರು. 1980ರಲ್ಲಿ ಪ್ರಕಾಶಕರ ವ್ಯಾಜ್ಯ ನಡೆದಾಗ ಸಾಕ್ಷಿ ಹೇಳಿದರು. ಅವರ ಹೆಸರು ಬಯಲಿಗೆ ಬಂದದ್ದು ಆಗ."

"ಉಯಿಲಿನ ಕಥೆ ಬರೆದವಳಿಗೇ ಪಾಲಿಲ್ಲವೇ!" ಶಿವಣ್ಣನ ಕಾಫಿಯ ಮೇಲೆ ಕೆನೆ ಕಟ್ಟಿತು. "ಹೋಗಲಿ, ಮುದುಕನ ದುಡ್ಡು ಯಾರಿಗೆ ಎಷ್ಟು ಬಂತು? ಅದನ್ನಾದರೂ ಓದು."

ಕೊನೆಯ ಭಾಗವನ್ನು ಕಾಫಿಯ ಜೊತೆಗೆಂದೇ ಉಳಿಸಿಕೊಂಡಿದ್ದೆ. ತೆರೆದರೆ ಹಾಳೆಗಳೇ ಇಲ್ಲ! ಪುಟ್ಟಸ್ವಾಮಿ ಪುಸ್ತಕವನ್ನು ದೀಪಕ್ಕೆ ಹಿಡಿದು, ಕಳ್ಳನೋಟು ನೋಡುವವನಂತೆ ಬೆನ್ನು ಸವರಿದ. "ಹರಿದದ್ದಲ್ಲ. ಬಿಡಿಸಿ ತೆಗೆದದ್ದು. ಅಂಟಿನ ಗೆರೆ ಇನ್ನೂ ಬೆಳ್ಳಗಿದೆ. ಮನೆಯವರದೇ ಕೈ."

ಮನೆಗೆ ಹೋಗಿ ಮಗಳನ್ನು ಕೇಳಿದೆ. "ನೀವು ಯಾವ ಕಥೆ ಓದಿದರೂ ಕೊನೆಯನ್ನು ಊರಿಗೆಲ್ಲ ಹೇಳುತ್ತೀರಿ. ಅದಕ್ಕೇ ತೆಗೆದಿಟ್ಟೆ," ಎಂದಳು, ತಲೆ ಎತ್ತದೆ.

"ಕೊಡು."

"ಒಂದು ಗಂಟೆ ಮೊಬೈಲ್ ಕೊಡಿ."

ಕೊಟ್ಟೆ. ಬಂದದ್ದು ಒಂದೇ ಹಾಳೆ. ಅದರಲ್ಲಿ ವಕೀಲರು ಉಯಿಲು ಓದಲು ಆಗಷ್ಟೇ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಮೊಬೈಲ್ ರಿಂಗಾಯಿತು. ಶಿವಣ್ಣನೇ. ಮಗಳು ಎತ್ತಿ, ಬಹಳ ಮರ್ಯಾದೆಯಿಂದ ಹೇಳಿದಳು:

"ನಾಳೆ ಬನ್ನಿ ಮಾಮ."