ದಲಿದಾ: ನಟಿಯಾಗಲು ಪ್ಯಾರಿಸ್ಸಿಗೆ ಬಂದವರು ಗಾಯಕಿಯಾದದ್ದು ಹೇಗೆ?

ಪ್ರಶ್ನೆ

ಈಜಿಪ್ಟಿನಿಂದ ಫ್ರಾನ್ಸಿಗೆ ವಲಸೆ ಬಂದ ಗಾಯಕಿ ದಲಿದಾ ಅವರ ಹಾಡುಗಳನ್ನು ಹಲವು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಈಚೆಗೆ ಅವರ ಬದುಕಿನ ಬಗ್ಗೆ ಓದತೊಡಗಿದ ಮೇಲೆ ಒಂದು ಸಂಗತಿ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. 1954ರಲ್ಲಿ ಮಿಸ್ ಈಜಿಪ್ಟ್ ಕಿರೀಟವನ್ನು ಗೆದ್ದ ಅವರು ಅದೇ ವರ್ಷದ ಡಿಸೆಂಬರಿನಲ್ಲಿ ಪ್ಯಾರಿಸ್ಸಿಗೆ ಬಂದದ್ದು ಸಿನಿಮಾ ನಟಿಯಾಗಬೇಕೆಂಬ ಆಸೆಯಿಂದ. ಆದರೆ ಜನ ಅವರನ್ನು ನೆನೆಯುವುದು ಗಾಯಕಿಯೆಂದೇ. ಹೊರಗಿನಿಂದ ಬಂದವರೆಂಬ ಕಾರಣಕ್ಕೆ ಚಿತ್ರರಂಗ ಅವರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲವೇ? ಹಾಗಿದ್ದರೆ ಅದೇ ಹೊರಗಿನತನ ಹಾಡುಗಾರಿಕೆಗೆ ಏಕೆ ಅಡ್ಡಿಯಾಗಲಿಲ್ಲ? ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ನಿಮ್ಮ ಪ್ರಶ್ನೆಗೆ ಉತ್ತರಿಸುವ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ದಲಿದಾ ಪ್ಯಾರಿಸ್ಸಿನಲ್ಲಿ ಮಾತ್ರ ಹೊರಗಿನವರಾಗಿರಲಿಲ್ಲ, ಹುಟ್ಟಿದ ಊರಿನಲ್ಲಿಯೂ ಅವರ ಮನೆಯವರು ವಲಸಿಗರೇ ಆಗಿದ್ದರು. ಅವರ ನಿಜವಾದ ಹೆಸರು ಯೊಲಾಂಡಾ ಜಿಲಿಯೊಟ್ಟಿ. ಕೈರೋ ನಗರದ ಶುಬ್ರಾ ಬಡಾವಣೆಯಲ್ಲಿ 1933ರ ಜನವರಿ 17ರಂದು ಹುಟ್ಟಿದರು. ತಂದೆತಾಯಿ ದಕ್ಷಿಣ ಇಟಲಿಯ ಕಲಾಬ್ರಿಯಾ ಪ್ರಾಂತ್ಯದ ಸೆರಾಸ್ಟ್ರೆಟ್ಟಾ ಎಂಬ ಊರಿನ ಮೂಲದವರು. ತಂದೆ ಕೈರೋ ಒಪೆರಾ ಹೌಸಿನ ವಾದ್ಯವೃಂದದಲ್ಲಿ ಪಿಟೀಲು ನುಡಿಸುತ್ತಿದ್ದರು, ತಾಯಿ ಬಟ್ಟೆ ಹೊಲಿಯುತ್ತಿದ್ದರು.

1940ರಲ್ಲಿ ಇಟಲಿ ಯುದ್ಧಕ್ಕೆ ಇಳಿದ ಮೇಲೆ ಈಜಿಪ್ಟಿನಲ್ಲಿದ್ದ ಇಟಲಿಯ ಗಂಡಸರನ್ನು ಬ್ರಿಟಿಷರು ಶತ್ರುದೇಶದವರೆಂದು ಬಂಧನ ಶಿಬಿರಗಳಲ್ಲಿ ಕೂಡಿಹಾಕಿದರು, ಮತ್ತು ಹಾಗೆ ಹೋದವರಲ್ಲಿ ಆ ಪಿಟೀಲು ವಾದಕರೂ ಒಬ್ಬರಾಗಿದ್ದರು. ಶಿಬಿರದಿಂದ ಅವರು ಮರಳಿದ್ದು 1944ರಲ್ಲಿ, ತೀರಿಕೊಂಡದ್ದು ಅದರ ಮರುವರ್ಷವೇ. ಮನೆಯಲ್ಲಿ ಇಟಾಲಿಯನ್, ಬೀದಿಯಲ್ಲಿ ಅರೇಬಿಕ್, ಅದಕ್ಕೆ ಫ್ರೆಂಚ್ ಸೇರಿದ ವಾತಾವರಣದಲ್ಲಿ ಬೆಳೆದ ಆ ಹುಡುಗಿಗೆ ಯಾವ ಭಾಷೆಯೂ ಪೂರ್ತಿ ಪರಕೀಯವಾಗಿರಲಿಲ್ಲ, ಆದರೆ ತನ್ನದೇ ದೇಶ ಎಂದು ಬೊಟ್ಟು ಮಾಡಿ ತೋರಿಸಬಹುದಾದ ನೆಲವೂ ಇರಲಿಲ್ಲ. ಮುಂದೆ ಅವರು ಹತ್ತರಷ್ಟು ಭಾಷೆಗಳಲ್ಲಿ ಹಾಡಿದ್ದನ್ನು ಮಾರುಕಟ್ಟೆಯ ಜಾಣ್ಮೆ ಎಂದಷ್ಟೇ ನೋಡುವವರು ಈ ಬಾಲ್ಯವನ್ನು ಮರೆಯುತ್ತಾರೆ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಉತ್ತರ

ಮೇಲಿನವರ ಮಾತನ್ನು ಒಪ್ಪುತ್ತಲೇ ವೃತ್ತಿಯ ಕಡೆಯಿಂದ ಕೆಲವು ವಿವರಗಳನ್ನು ಸೇರಿಸುತ್ತೇನೆ. ಪ್ಯಾರಿಸ್ಸಿನಲ್ಲಿ ಸಿನಿಮಾ ಅವಕಾಶಗಳು ಸಿಗದೆ ಹೋದಾಗ ಅವರು ಹಾಡುಗಾರಿಕೆಯ ಪಾಠಕ್ಕೆ ಸೇರಿದರು, ಕ್ಯಾಬರೆಗಳಲ್ಲಿ ಹಾಡಿದರು. ಈಜಿಪ್ಟಿನಲ್ಲಿ ಇಟ್ಟುಕೊಂಡಿದ್ದ ‘ದಲಿಲಾ’ ಎಂಬ ಹೆಸರಿನ ಒಂದು ಅಕ್ಷರವನ್ನು ಬದಲಿಸಿ ‘ದಲಿದಾ’ ಆದದ್ದು ಈ ಕಾಲದಲ್ಲಿಯೇ. 1956ರಲ್ಲಿ ಒಲಿಂಪಿಯಾ ರಂಗಮಂದಿರದಲ್ಲಿ ಹೊಸ ಗಾಯಕರಿಗಾಗಿ ನಡೆದ ಸ್ಪರ್ಧೆಯಲ್ಲಿ ಅವರು ಹಾಡಿದಾಗ ಯುರೋಪ್ 1 ರೇಡಿಯೋದ ಲೂಸಿಯೆನ್ ಮೊರಿಸ್ ಮತ್ತು ರೆಕಾರ್ಡ್ ಕಂಪನಿಯ ಮಾಲೀಕ ಎಡ್ಡಿ ಬಾರ್ಕ್ಲೇ ಇಬ್ಬರೂ ದಲಿದಾ ಅವರನ್ನು ಗುರುತಿಸಿದರು. ನೇಪಲ್ಸಿನ ಹಾಡೊಂದರ ಫ್ರೆಂಚ್ ರೂಪವಾದ ‘ಬಾಂಬಿನೊ’ವನ್ನು ಮೊರಿಸ್ ತಮ್ಮ ರೇಡಿಯೋದಲ್ಲಿ ಮತ್ತೆ ಮತ್ತೆ ಕೇಳಿಸಿದರು, ಮತ್ತು ಆ ಒಂದೇ ಹಾಡು ಅವರನ್ನು ಫ್ರಾನ್ಸಿನ ಮನೆಮಾತಾಗಿಸಿತು.

ಹೊರಗಿನತನ ಅಡ್ಡಿಯಾಗಲಿಲ್ಲವೇಕೆ ಎಂಬ ತಮ್ಮ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ‘ರ’ಕಾರವನ್ನು ಪ್ಯಾರಿಸ್ಸಿನವರು ಗಂಟಲಿನಿಂದ ಉಚ್ಚರಿಸುತ್ತಾರೆ, ದಲಿದಾ ಅದನ್ನು ನಾಲಿಗೆಯ ತುದಿಯಿಂದ ಅದುರಿಸುತ್ತಿದ್ದರು. ಸಿನಿಮಾದಲ್ಲಿ ಅಂಥ ಉಚ್ಚಾರಣೆ ಇರುವ ನಟಿಗೆ ವಿದೇಶಿ ಹೆಣ್ಣಿನ ಪಾತ್ರವಲ್ಲದೆ ಬೇರೆ ಪಾತ್ರ ಸಿಗುವುದು ಕಷ್ಟ. ಹಾಡಿನಲ್ಲಾದರೋ ಅದೇ ಉಚ್ಚಾರಣೆ ರೇಡಿಯೋ ಕೇಳುವವರಿಗೆ ಮೊದಲ ಸಾಲಿನಲ್ಲಿಯೇ ಹಾಡುವವರು ಯಾರೆಂದು ತಿಳಿಸಿಬಿಡುತ್ತಿತ್ತು. ಮೊರಿಸ್ ಅವರನ್ನು 1961ರಲ್ಲಿ ಮದುವೆಯಾಗಿ ಫ್ರೆಂಚ್ ಪೌರತ್ವ ಪಡೆದ ಮೇಲೂ, ಆ ದಾಂಪತ್ಯ ಬೇಗನೆ ಮುರಿದ ಮೇಲೂ, ಅವರು ಆ ‘ರ’ಕಾರವನ್ನು ಬಿಟ್ಟುಕೊಡಲಿಲ್ಲ. ಎಪ್ಪತ್ತರ ದಶಕದ ನಡುವೆ ಡಿಸ್ಕೋ ಫ್ರಾನ್ಸಿಗೆ ಬಂದಾಗ ಅದನ್ನು ಮೊದಲು ಅಪ್ಪಿಕೊಂಡವರಲ್ಲಿ ಅವರೂ ಒಬ್ಬರು, ಮತ್ತು ಅದಕ್ಕೆ ಅವರು ಆರಿಸಿಕೊಂಡದ್ದು ಯುದ್ಧಕ್ಕೆ ಮುಂಚೆ ರಿನಾ ಕೆಟ್ಟಿ ಜನಪ್ರಿಯಗೊಳಿಸಿದ್ದ ‘ಜಾತಾಂದ್ರೆ’ ಹಾಡನ್ನು. ರಿನಾ ಕೆಟ್ಟಿಯವರೂ ಇಟಲಿಯಿಂದ ಬಂದವರೇ ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ನಟಿಯಾಗುವ ಆಸೆ ಅಲ್ಲಿಗೇ ಮುಗಿದುಹೋಯಿತೇ?

ಮೂರನೆಯ ಉತ್ತರ

ಇಲ್ಲ, ಅದು ಮೂವತ್ತು ವರ್ಷ ಕಾಯಬೇಕಾಯಿತು. ನಡುವೆ 1963ರಲ್ಲಿ ಫ್ರೆಂಚ್ ಗಾಯಕ ಸೆರ್ಜ್ ಗೆನ್ಸ್‌ಬರ್ಗ್ ಅವರೊಂದಿಗೆ ನಟಿಸಿದ ಹಾಂಗ್‌ಕಾಂಗ್ ಕಥೆಯ ಚಿತ್ರವೂ ಸೇರಿದಂತೆ ಕೆಲವು ಸಿನಿಮಾಗಳು ಬಂದವು, ಆದರೆ ಅವುಗಳಲ್ಲಿ ಹೆಚ್ಚಿನವು ಗಾಯಕಿಯ ಖ್ಯಾತಿಯನ್ನು ನೆಚ್ಚಿಕೊಂಡವು. ನಿಜವಾದ ಪಾತ್ರ ಸಿಕ್ಕಿದ್ದು 1986ರಲ್ಲಿ, ಅಲೆಕ್ಸಾಂಡ್ರಿಯಾದ ನಿರ್ದೇಶಕ ಯೂಸುಫ್ ಶಾಹೀನ್ ಅವರ ‘ಆರನೆಯ ದಿನ’ ಚಿತ್ರದಲ್ಲಿ. ಕಥೆ ಆಂದ್ರೆ ಶೆದಿದ್ ಅವರ ಕಾದಂಬರಿಯದು. ಅವರೂ ಕೈರೋದಲ್ಲಿ ಹುಟ್ಟಿ 1946ರಲ್ಲಿ ಪ್ಯಾರಿಸ್ಸಿಗೆ ಹೋಗಿ ನೆಲೆಸಿದ ಲೇಖಕಿ. 1947ರ ಕಾಲರಾ ಪಿಡುಗಿನ ದಿನಗಳಲ್ಲಿ ರೋಗ ತಗುಲಿದ ಮೊಮ್ಮಗನನ್ನು ಅಧಿಕಾರಿಗಳ ಕಣ್ಣಿಗೆ ಬೀಳದಂತೆ ಬಚ್ಚಿಟ್ಟು, ಆರು ದಿನ ಕಳೆದರೆ ಬದುಕುತ್ತಾನೆಂಬ ನಂಬಿಕೆಯಿಂದ ಕಾಪಾಡಲು ಹೆಣಗುವ ಬಡ ಅಗಸಗಿತ್ತಿ ಸದ್ದೀಕಾಳ ಪಾತ್ರ ದಲಿದಾ ಅವರದು. ಮಿರುಗುವ ಉಡುಪು, ಬೆಳಕು, ನರ್ತಕರ ನಡುವೆ ಪ್ರೇಕ್ಷಕರು ಕಂಡಿದ್ದ ಮುಖ ಇಲ್ಲಿ ಕಪ್ಪು ಬಟ್ಟೆಯ ನಡುವೆ, ದಣಿದು, ಶೃಂಗಾರವಿಲ್ಲದೆ ಕಾಣಿಸುತ್ತದೆ. ಮಾತೆಲ್ಲ ಈಜಿಪ್ಟಿನ ಅರೇಬಿಕ್, ಅಂದರೆ ಶುಬ್ರಾದ ಬೀದಿಯಲ್ಲಿ ಕಲಿತ ಭಾಷೆ. 1977ರ ‘ಸಲ್ಮಾ ಯಾ ಸಲಾಮಾ’ ಮತ್ತು 1979ರ ‘ಹೆಲ್ವಾ ಯಾ ಬಲದಿ’ ಹಾಡುಗಳ ಮೂಲಕ ಆ ಭಾಷೆಗೆ ಅವರು ಅದಾಗಲೇ ಮರಳಿದ್ದರು.

ಮರುವರ್ಷ, 1987ರ ಮೇ 3ರಂದು, ಪ್ಯಾರಿಸ್ಸಿನ ಮೋನ್‌ಮಾರ್ತ್ರ್‌ನ ತಮ್ಮ ಮನೆಯಲ್ಲಿ ಅವರು ಪ್ರಾಣ ಕಳೆದುಕೊಂಡರು. ಅವರ ಬಗ್ಗೆ ಬರೆಯುವವರಲ್ಲಿ ಬಹಳ ಮಂದಿ ಆ ಸಾವಿನಿಂದಲೇ ಆರಂಭಿಸಿ, 1967ರಲ್ಲಿ ಇಟಲಿಯ ಸಾನ್ ರೆಮೊ ಸಂಗೀತ ಉತ್ಸವದ ವೇಳೆ ತೀರಿಕೊಂಡ, ಅವರ ಪ್ರಿಯಕರನಾಗಿದ್ದ ಗಾಯಕ ಲುಯಿಜಿ ಟೆಂಕೊ ಮೊದಲಾದವರ ಸಾವುಗಳನ್ನು ಪೋಣಿಸಿ, ಇಡೀ ಬದುಕನ್ನು ದುರಂತವೆಂದು ಹೇಳಿ ಮುಗಿಸುತ್ತಾರೆ. ಆ ನೋವುಗಳು ನಿಜ, ಆದರೆ ಹಾಗೆ ಬರೆಯುವುದು ಅವರ ದುಡಿಮೆಗೆ ಅನ್ಯಾಯ ಮಾಡಿದಂತೆ ಎಂದು ನನಗೆ ಅನ್ನಿಸುತ್ತದೆ. ಮೂವತ್ತು ವರ್ಷ ಪ್ರತಿ ಹೊಸ ಶೈಲಿಯನ್ನೂ ಕಲಿತು, ಕಿರಿಯ ಸೋದರ ಒರ್ಲಾಂಡೊ ನಿರ್ಮಾಪಕನಾಗಿ ಜೊತೆಗೆ ನಿಂತಾಗ ಧ್ವನಿಮುದ್ರಣದ ಹೊಣೆಯನ್ನು ಕುಟುಂಬದ ಕೈಗೇ ತಂದುಕೊಂಡು, ಐವತ್ತು ದಾಟಿದ ಮೇಲೆ ಅಗಸಗಿತ್ತಿಯ ಪಾತ್ರಕ್ಕೆ ಒಪ್ಪಿದವರು ಅವರು. ತಾವು ಹಾಡುಗಳನ್ನು ಬಲ್ಲವರಾದ್ದರಿಂದ ಈ ಚಿತ್ರವನ್ನು ತಪ್ಪದೆ ನೋಡಿ, ಮತ್ತು ಸಾಧ್ಯವಾದರೆ ಅನುವಾದಿತ ಧ್ವನಿಯಲ್ಲಿ ಅಲ್ಲ, ಅವರದೇ ಅರೇಬಿಕ್ ಮಾತಿನಲ್ಲಿ ಕೇಳಿ.