ಮನೆಯಿಂದಲೇ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್: ಈಗ ಕಲಿತರೆ ಕೆಲಸ ಸಿಕ್ಕೀತೇ?

ಶಿರಸಿ ಸೀಮೆಯವಳು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಬಿ.ಎಸ್ಸಿ. ಮುಗಿಸಿ ಮೂರು ವರ್ಷ ಹುಬ್ಬಳ್ಳಿಯ ಲ್ಯಾಬೊಂದರಲ್ಲಿ ರಿಪೋರ್ಟ್ ಟೈಪ್ ಮಾಡುತ್ತಿದ್ದೆ. ಅತ್ತೆಯವರಿಗೆ ಪಾರ್ಶ್ವವಾಯುವಾದ ಮೇಲೆ ಕೆಲಸ ಬಿಟ್ಟು ಶಿರಸಿಯ ಹತ್ತಿರದ ನಮ್ಮ ಹಳ್ಳಿಗೆ ಬಂದಿದ್ದೇನೆ. ತರಬೇತಿ ಸಂಸ್ಥೆಯೊಂದು ಆರು ತಿಂಗಳ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ (ವೈದ್ಯರ ಧ್ವನಿಮುದ್ರಿತ ಮಾತನ್ನು ಕೇಳಿ ವರದಿಯಾಗಿ ಟೈಪ್ ಮಾಡುವ ಕೆಲಸ) ಕೋರ್ಸಿಗೆ 45,000 ರೂಪಾಯಿ ಕೇಳುತ್ತಿದ್ದು, ಮುಗಿದ ಕೂಡಲೇ ಮನೆಯಿಂದ ಮಾಡುವ ಕೆಲಸ ಕೊಡಿಸುವುದಾಗಿ ಹೇಳುತ್ತಿದೆ. ನಮ್ಮವರ ಸ್ನೇಹಿತರೊಬ್ಬರು ಮಾತ್ರ, ಈಗ ವೈದ್ಯರು ಹೇಳಿದ್ದನ್ನು ಕಂಪ್ಯೂಟರೇ ಬರೆದುಕೊಳ್ಳುತ್ತದೆ, ಆ ಕಾಲ ಮುಗಿಯಿತು ಎನ್ನುತ್ತಾರೆ. ಈ ಕೆಲಸದಲ್ಲಿ ಇರುವವರು ದಯವಿಟ್ಟು ನಿಜಸ್ಥಿತಿ ತಿಳಿಸಬೇಕು. ಅತ್ತೆಯವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾಗುತ್ತದೆ. ಮಳೆಗಾಲದಲ್ಲಿ ಇಲ್ಲಿ ಕರೆಂಟಿನ ಭರವಸೆಯೂ ಇಲ್ಲ.

ಮೈಸೂರಿನ ಹಳೆಯ ಎಂಟಿ:

ಮೇಡಂ, ನಾನು ಎಂಟಿ, ಅಂದರೆ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನಿಸ್ಟ್ ಆಗಿ ಹದಿನಾರು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ, ಕಳೆದ ಒಂಬತ್ತು ವರ್ಷಗಳಿಂದ ಮನೆಯಿಂದಲೇ. ನಿಮ್ಮವರ ಸ್ನೇಹಿತರು ಹೇಳಿದ್ದು ಅರ್ಧ ನಿಜ. ನಾನು ಸೇರಿದಾಗ ಅಮೆರಿಕದ ವೈದ್ಯರು ಹೇಳಿದ ಪ್ರತಿ ಪದವನ್ನೂ ನಾವೇ ಟೈಪ್ ಮಾಡುತ್ತಿದ್ದೆವು. ಫುಟ್ ಪೆಡಲ್ ಒತ್ತಿದರೆ ಧ್ವನಿ ಓಡುತ್ತದೆ, ಬಿಟ್ಟರೆ ನಿಂತು ಒಂದೆರಡು ಸೆಕೆಂಡು ಹಿಂದಕ್ಕೆ ಸರಿಯುತ್ತದೆ. ಹೊಲಿಗೆ ಯಂತ್ರ ತುಳಿದು ಗೊತ್ತಿದ್ದವರಿಗೆ ಎರಡೇ ದಿನದಲ್ಲಿ ಒಗ್ಗುತ್ತದೆ. ಈಗ ನನ್ನ ಪಾಲಿಗೆ ಬರುವ ಫೈಲುಗಳಲ್ಲಿ ಹೆಚ್ಚಿನವು ಯಂತ್ರ ಮೊದಲೇ ಬರೆದಿಟ್ಟ ಕರಡುಗಳು. ಕೇಳುತ್ತಾ ಅವುಗಳನ್ನು ತಿದ್ದುವುದೇ ಕೆಲಸ, ಮತ್ತು ಅದಕ್ಕೆ ಪ್ರತಿ ಸಾಲಿಗೆ ಸಿಗುವ ದರ ಪೂರ್ತಿ ಟೈಪಿಂಗಿಗಿಂತ ಬಹಳ ಕಡಿಮೆ.

ಲೆಕ್ಕ ಹೀಗಿದೆ. ಖಾಲಿ ಜಾಗವೂ ಸೇರಿ 65 ಅಕ್ಷರಗಳಾದರೆ ಒಂದು ಸಾಲು. ವೈದ್ಯರ ಒಂದು ನಿಮಿಷದ ಮಾತು ಸುಮಾರು ಹತ್ತು ಸಾಲಾಗುತ್ತದೆ. ಹೊಸಬರಿಗೆ ಆ ಒಂದು ನಿಮಿಷಕ್ಕೆ ಎಂಟು ಹತ್ತು ನಿಮಿಷ ಹಿಡಿಯುತ್ತದೆ, ಆದ್ದರಿಂದ ಮೊದಲ ಕೆಲವು ತಿಂಗಳ ಸಂಪಾದನೆಯನ್ನು ನೆಚ್ಚಿಕೊಂಡು ಸಾಲ ಮಾಡಬೇಡಿ.

ಸಮಯದ ವಿಷಯವನ್ನೂ ಹೇಳಿಬಿಡುತ್ತೇನೆ. ನ್ಯೂಯಾರ್ಕಿನಲ್ಲಿ ಸಂಜೆ ಆರಕ್ಕೆ ವೈದ್ಯರು ರೋಗಿಗಳನ್ನು ನೋಡಿ ಮುಗಿಸಿ ಮಾತನಾಡತೊಡಗಿದರೆ ನಮಗೆ ಅದು ಮರುದಿನ ಬೆಳಗಿನ ಜಾವ ಮೂರೂವರೆ, ಅವರ ಚಳಿಗಾಲದಲ್ಲಿ ನಾಲ್ಕೂವರೆ. ಅಲ್ಲಿಯ ಸೋಮವಾರದ ಫೈಲುಗಳು ನಮ್ಮ ಮಂಗಳವಾರ ಬೆಳಿಗ್ಗೆ ರಾಶಿ ಬೀಳುತ್ತವೆ, ನಮ್ಮ ಸೋಮವಾರ ಬೆಳಿಗ್ಗೆ ಕೆಲಸ ಹುಡುಕಿದರೂ ಸಿಗುವುದಿಲ್ಲ. ನವೆಂಬರಿನ ಕೊನೆಯಲ್ಲಿ ಅವರ ಥ್ಯಾಂಕ್ಸ್‌ಗಿವಿಂಗ್ ಬಂತೆಂದರೆ ನಮ್ಮ ಸಂಬಳ ಕುಗ್ಗುತ್ತದೆ. ಯುಗಾದಿಯ ದಿನ ಮಾತ್ರ ಒಬ್ಬಟ್ಟಿನ ಕೈ ಒರೆಸಿಕೊಂಡು ಕೀಬೋರ್ಡ್ ಮುಂದೆ ಕೂರಬೇಕು. ಫೈಲುಗಳ ನಡುವೆ ಏಳುವುದಕ್ಕೆ ಅಡ್ಡಿಯಿಲ್ಲ, ಆದರೆ ‘ಸ್ಟ್ಯಾಟ್’ ಎಂದು ಗುರುತು ಮಾಡಿದ ತುರ್ತು ಫೈಲನ್ನು ಕೈಗೆತ್ತಿಕೊಂಡರೆ ಮುಗಿಸದೆ ಏಳುವಂತಿಲ್ಲ. ಇನ್ವರ್ಟರಂತೂ ಇರಲೇಬೇಕು.

ಮಂಗಳೂರಿನ ಕ್ಯೂಎ:

ನಾನು ಕ್ಯೂಎ, ಅಂದರೆ ಇತರರು ಮಾಡಿದ ವರದಿಗಳ ಗುಣಮಟ್ಟ ಪರಿಶೀಲಿಸುವವಳು. ಯಂತ್ರ ಬರೆಯುವಾಗ ಮನುಷ್ಯರೇಕೆ ಬೇಕು ಎನ್ನುವವರಿಗೆ ಕಳೆದ ತಿಂಗಳು ನನ್ನ ಮುಂದೆ ಬಂದ ಒಂದು ಕರಡು ಸಾಕು. ರೋಗಿಗೆ ಎದೆನೋವಿಲ್ಲ ಎಂದು ವೈದ್ಯರು ಹೇಳಿದ್ದರು. ಅವರ ಕೆಮ್ಮಿನಲ್ಲಿ ‘ನೋ’ ಎಂಬ ಪದ ನುಂಗಿಹೋಗಿ, ಕರಡಿನಲ್ಲಿ ಎದೆನೋವಿದೆ ಎಂದೇ ಆಗಿತ್ತು. ವ್ಯಾಕರಣದಲ್ಲಿ ಕಿಂಚಿತ್ತೂ ತಪ್ಪಿಲ್ಲದ, ಓದಲು ಸೊಗಸಾದ ವಾಕ್ಯ. ಯಂತ್ರದ ತಪ್ಪುಗಳು ಕಾಗುಣಿತದ ತಪ್ಪಿನ ಹಾಗೆ ಕಣ್ಣಿಗೆ ಚುಚ್ಚುವುದಿಲ್ಲ, ಅದಕ್ಕೇ ಕರಡು ತಿದ್ದುವುದು ಟೈಪ್ ಮಾಡುವುದಕ್ಕಿಂತ ಕಷ್ಟ ಎಂಬುದು ನನ್ನ ಅಭಿಪ್ರಾಯ, ದರ ಹೇಗೇ ಇರಲಿ.

ಕೆಲವು ಪದಗಳು ಕಿವಿಗೆ ಒಂದೇ. ಇಲಿಯಂ ಎಂದರೆ ಸಣ್ಣಕರುಳಿನ ಕೊನೆಯ ಭಾಗವೂ ಹೌದು, ಸೊಂಟದ ಮೂಳೆಯೂ ಹೌದು. ಇಂಗ್ಲಿಷಿನಲ್ಲಿ ನಡುವಿನ ಒಂದೇ ಅಕ್ಷರ ಬೇರೆ, ಕರುಳಿಗೆ ಇ, ಮೂಳೆಗೆ ಐ. ಕನ್ನಡ ಲಿಪಿಯಲ್ಲಿ ಬರೆದರಂತೂ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಡಿಸ್‌ಫೇಜಿಯಾ ಎಂದರೆ ನುಂಗಲು ಕಷ್ಟ, ಡಿಸ್‌ಫೇಸಿಯಾ ಎಂದರೆ ಮಾತಿನ ತೊಂದರೆ, ಮತ್ತು ನಿಮ್ಮ ಅತ್ತೆಯವರಂತೆ ಪಾರ್ಶ್ವವಾಯುವಾದ ರೋಗಿಯಲ್ಲಿ ಎರಡೂ ಇರಬಹುದಾದ್ದರಿಂದ ಸಂದರ್ಭ ನೋಡಿ ಊಹಿಸುತ್ತೇನೆಂದರೂ ಆಗುವುದಿಲ್ಲ. ಸೆಲೆಬ್ರೆಕ್ಸ್ ಕೀಲುನೋವಿನ ಔಷಧಿ, ಸೆಲೆಕ್ಸಾ ಖಿನ್ನತೆಯದು. ಡೋಸ್ ಹದಿನೈದೋ ಐವತ್ತೋ ಎಂದು ಮೂರು ಸಲ ಕೇಳಿದರೂ ತಿಳಿಯದಿದ್ದರೆ ಅಲ್ಲಿ ಜಾಗ ಖಾಲಿ ಬಿಟ್ಟು, ಎಷ್ಟನೆಯ ನಿಮಿಷ, ಎಷ್ಟನೆಯ ಸೆಕೆಂಡು ಎಂದು ಗುರುತು ಹಾಕಿ ಕಳುಹಿಸಬೇಕು. ಖಾಲಿ ಬಿಟ್ಟವರಿಗೆ ನಾನು ಅಂಕ ಕಡಿದರೂ ಸಣ್ಣದಾಗಿ ಕಡಿಯುತ್ತೇನೆ. ಊಹಿಸಿ ತುಂಬಿದ ಔಷಧಿಯ ಹೆಸರು ತಪ್ಪಾಗಿದ್ದರೆ ಇಡೀ ವರದಿ ಅನುತ್ತೀರ್ಣ.

ಗೌಪ್ಯತೆಯನ್ನು ಹಗುರವಾಗಿ ಕಾಣಬೇಡಿ. 1996ರ ‘ಹಿಪಾ’ ಎಂಬ ಅಮೆರಿಕದ ಕಾನೂನು ರೋಗಿಗಳ ಮಾಹಿತಿಗೆ ಸಂಬಂಧಿಸಿದ್ದು, ನಾವು ಸಹಿ ಹಾಕುವ ಕರಾರುಗಳ ಮೂಲಕ ಶಿರಸಿಯ ಮನೆಯವರೆಗೂ ಬರುತ್ತದೆ. ಸ್ಪೀಕರಿನಲ್ಲಿ ಕೇಳುವುದು, ಪರದೆಯ ಫೋಟೊ ತೆಗೆದು ಸಹೋದ್ಯೋಗಿಗೆ ವಾಟ್ಸ್‌ಆ್ಯಪ್ ಮಾಡುವುದು ಸಲ್ಲದು.

ಸುಟ್ಟುಕೊಂಡವನು:

ಒಂದೇ ಮಾತು. ಕೆಲಸ ಕೊಡುವವರು ನಿಮಗೆ ಹಣ ಕೊಡಬೇಕೇ ಹೊರತು ನಿಮ್ಮಿಂದ ‘ನೋಂದಣಿ ಶುಲ್ಕ’ ಕೇಳಬಾರದು. ನನ್ನಿಂದ ಠೇವಣಿ ಕಟ್ಟಿಸಿಕೊಂಡ ಒಬ್ಬ ಮಧ್ಯವರ್ತಿ ಮಸುಕು ಮಸುಕಾದ ಪುಟಗಳನ್ನು ಕಳುಹಿಸಿ, ನಿಖರತೆ ಸಾಲದೆಂದು ವಕೀಲರ ನೋಟಿಸಿನ ಬೆದರಿಕೆ ಹಾಕಿದ. ಅದು ಟ್ರಾನ್ಸ್‌ಕ್ರಿಪ್ಷನ್ ಕೂಡ ಆಗಿರಲಿಲ್ಲ, ಬರೀ ನಕಲು ಟೈಪಿಂಗ್. ನಾಚಿಕೆಯಿಂದ ಮೂರು ವಾರ ಸುಮ್ಮನಿದ್ದೆ. ಹಣ ಹೋದ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕಿತ್ತು.

ಶಿರಸಿ ಸೀಮೆಯವಳು:

ಮೂವರಿಗೂ ಧನ್ಯವಾದಗಳು. ಸಂಸ್ಥೆಗೆ ಫೋನ್ ಮಾಡಿ ಕೆಲಸದ ಭರವಸೆಯನ್ನು ಬರಹದಲ್ಲಿ ಕೊಡಿ ಎಂದೆ. ಆಮೇಲೆ ತಿಳಿಸುತ್ತೇವೆ ಎಂದವರು ಮತ್ತೆ ತಿಳಿಸಲಿಲ್ಲ. ಅಷ್ಟರಲ್ಲಿ ಅಂತರಜಾಲದಲ್ಲಿ ಅಭ್ಯಾಸಕ್ಕೆಂದು ಸಿಗುವ ಮೂರು ನಿಮಿಷದ ಡಿಕ್ಟೇಶನ್ ಒಂದನ್ನು ಟೈಪ್ ಮಾಡಿ ನೋಡಿದೆ. ಐವತ್ತು ನಿಮಿಷ ಹಿಡಿಯಿತು, ನಡುವೆ ಒಮ್ಮೆ ಅತ್ತೆಯವರ ಬಳಿ ಹೋಗಿಬಂದೆ, ಹನ್ನೊಂದು ಕಡೆ ಖಾಲಿ ಬಿಟ್ಟಿದ್ದೇನೆ. ಇದು ತೀರಾ ಕಳಪೆಯೇ?

ಮಂಗಳೂರಿನ ಕ್ಯೂಎ:

ಐವತ್ತು ನಿಮಿಷ ಹೆಚ್ಚಾಯಿತು, ಅದು ಅಭ್ಯಾಸದಿಂದ ಇಳಿಯುತ್ತದೆ. ನಾಳೆ ಅದೇ ಧ್ವನಿಯನ್ನು ವೈದ್ಯಕೀಯ ನಿಘಂಟು ಪಕ್ಕದಲ್ಲಿಟ್ಟುಕೊಂಡು ಇನ್ನೊಮ್ಮೆ ಕೇಳಿ, ಹನ್ನೊಂದರಲ್ಲಿ ಎಷ್ಟು ತುಂಬಿದವೆಂದು ಇಲ್ಲಿ ಬರೆಯಿರಿ. ಕೋರ್ಸಿನ ಹಣವನ್ನು ಅಲ್ಲಿಯವರೆಗೆ ಬ್ಯಾಂಕಿನಲ್ಲೇ ಬಿಡಿ.